ವಾಪಸ್ ಬಾರದಿರಲಿ ಎನ್ನುವ ಬಕೆಟ್ ಅಕ್ಕ

ಶನಿವಾರ, ಬೆಳಗಿನ ಐದೂಕಾಲು. ಪ್ರಾಣಿಗಳ ಆಶ್ರಯಧಾಮದ ಹಿಂದಿನ ಸಾಲಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ನಾಯಿಗೂಡು ತೊಳೆಯುತ್ತಿದ್ದಾರೆ. ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ಪೊರಕೆ, ಪಕ್ಕದಲ್ಲಿ ಹಿಡಿ ಮುರಿದು ತಂತಿ ಕಟ್ಟಿಸಿಕೊಂಡ ಬಕೆಟ್. ಕೊನೆಯ ಗೂಡಿಗೆ ಬಂದಾಗ ಮಾತ್ರ ಪೊರಕೆಯನ್ನು ಗೋಡೆಗೆ ಒರಗಿಸಿ ಕೂರುತ್ತಾರೆ. ಒಳಗೆ, ಒಂದು ಕಿವಿ ಮಡಚಿದ ಕಂದು ನಾಯಿ ಬೂದು ಬಣ್ಣದ ಹಳೆಯ ಸ್ವೆಟರಿನ ಮೇಲೆ ಮೂತಿಯಿಟ್ಟು ಮಲಗಿದೆ.

"ಏಳೋ ಮಹಾರಾಯ. ಇವತ್ತು ನಿನ್ನನ್ನ ಉಡುಗೊರೆ ಕೊಡ್ತಿದ್ದಾರೆ. ಮುಖಾನಾದ್ರೂ ತೊಳ್ಕೋ."

ಇಲ್ಲಿ ಎಲ್ಲರಿಗೂ ಇವರು ಬಕೆಟ್ ಅಕ್ಕ. ಆ ಹೆಸರಿನ ಬಗ್ಗೆ ಅವರಿಗೇನೂ ತಕರಾರಿಲ್ಲ. "ಸೇರಿದಾಗಿಂದ ಬಕೆಟ್ ಹಿಡೀತಿದ್ದೀನಿ. ಬಕೆಟ್ ಹಿಡಿದೂ ಬಡ್ತಿ ಸಿಗದೋಳು ಅಂದ್ರೆ ನಾನೊಬ್ಳೇ ಇರ್ಬೇಕು."

ಮೊದಲು ಅವರು ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಮನೆಗೆ ಹತ್ತಿರವಿದ್ದ ಈ ಕೆಲಸಕ್ಕೆ ಬಂದರು. ಈಗ ಗಂಡ ಮನೆಯಲ್ಲಿರುತ್ತಾರೆ. "ಅಡುಗೆ ಅವರದು. ಉಪ್ಪು ಜಾಸ್ತಿ ಆಯ್ತು ಅನ್ನೋದು ನಂದು." ದಿನಕ್ಕೆ ನಲವತ್ತು ಗೂಡು, ಎರಡು ಸಲ ತೊಳೆಯಬೇಕು. ಫಿನಾಯಿಲಿಗೆ ಬೆರಳ ಸಂದುಗಳು ಒಡೆದಿವೆ. ಮೈಗೆ ಹತ್ತಿದ ವಾಸನೆ ಸ್ನಾನಕ್ಕೂ ಬಗ್ಗುವುದಿಲ್ಲ. "ಬಸ್ಸಲ್ಲಿ ನನಗೆ ಯಾವಾಗ್ಲೂ ಸೀಟ್ ಸಿಗುತ್ತೆ. ಪಕ್ಕದ್ದೂ ಸಿಗುತ್ತೆ."

ವರ್ಷದ ಕೊನೆಯ ರಜೆ ಬಂತೆಂದರೆ ಆಶ್ರಯಧಾಮದಲ್ಲಿ ಜನವೋ ಜನ. ಮಗನಿಗೆ, ಹೆಂಡತಿಗೆ, ಅಜ್ಜಿಗೆ ಗುಟ್ಟಾಗಿ ಒಂದು ನಾಯಿ ಕೊಟ್ಟು ಬೆರಗುಗೊಳಿಸುವ ಆಸೆ. ರಜೆ ಮುಗಿದ ಮೊದಲ ಸೋಮವಾರ ಅದೇ ಜನರಲ್ಲಿ ಕೆಲವರು ಹಗ್ಗ ಹಿಡಿದು ಗೇಟಿನ ಮುಂದೆ ನಿಲ್ಲುತ್ತಾರೆ. ಅಜ್ಜಿಗೆ ಕೆಮ್ಮಂತೆ, ಸೋಫಾ ಹರಿಯಿತಂತೆ.

ಅದಕ್ಕೇ ಬಕೆಟ್ ಅಕ್ಕ ತಮ್ಮದೇ ಒಂದು ಪದ್ಧತಿ ಹಾಕಿಕೊಂಡಿದ್ದಾರೆ. ಉಡುಗೊರೆ ಕೊಡುವವರು, ಅದನ್ನು ಪಡೆಯುವವರು ಉಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ವಾರ ಮೊದಲೇ ತಂದುಕೊಡಬೇಕು. ನಾಯಿ ಅದರ ಮೇಲೆ ಮಲಗುತ್ತದೆ. ಮನೆಗೆ ಹೋಗುವ ಹೊತ್ತಿಗೆ ಆ ಮನುಷ್ಯ ಅದಕ್ಕೆ ಹೊಸಬರಲ್ಲ. "ಒಗೀಬೇಡಿ ಅಂತ ಬಾಯಿ ಬಡ್ಕೊಂಡ್ರೂ ಕೆಲವರು ಇಸ್ತ್ರಿ ಮಾಡಿಸ್ಕೊಂಡು ಬರ್ತಾರೆ. ನಾಯಿಗೆ ಸೋಪಿನ ಪರಿಚಯ ಆಗುತ್ತೆ, ಅಷ್ಟೇ." ಬಿಡುವಿನ ದಿನವೇ ಆದರೂ ನಾಯಿಯನ್ನು ಮನೆಗೆ ಮುಟ್ಟಿಸಲು ಅವರೇ ಹೋಗುತ್ತಾರೆ. ಹಗ್ಗ ಕೈ ಬದಲಾದರೆ ಮಾತ್ರ ಕೊಟ್ಟಂತೆ.

ಕಂದು ನಾಯಿಯ ಹೆಸರು ವಾಪಸ್. ಎರಡು ಮನೆಗಳಿಂದ ಮರಳಿದ್ದಕ್ಕೆ ಗೇಟಿನ ಕಾವಲುಗಾರ ಇಟ್ಟ ಹೆಸರು. ಮೂರನೇ ಸಲ ಮರಳಿದ ನಾಯಿಯನ್ನು ಇಲ್ಲಿ ಮತ್ತೆ ಯಾರಿಗೂ ತೋರಿಸುವುದಿಲ್ಲ. ಹಿಂದಿನ ಸಾಲಿನ ಗೂಡಿನಲ್ಲೇ ಅದರ ಆಯುಸ್ಸು ಮುಗಿಯಬೇಕು. ಈ ವಾಪಸ್ ಬೇಕೆಂದು ಕೇಳಿದ್ದು ಒಬ್ಬ ಟೈಲರ್ ಹೆಣ್ಣುಮಗಳು. ಕೆಲಸದಿಂದ ನಿವೃತ್ತರಾಗಿ ಇಡೀ ದಿನ ಕಿಟಕಿಯ ಬಳಿ ಕೂರುವ, ಬಸ್ ಚಾಲಕರಾಗಿದ್ದ ತಂದೆಗೆ ರಜೆಯ ಉಡುಗೊರೆಯಾಗಿ. ಬೂದು ಸ್ವೆಟರ್ ತಂದವರು ಆ ಮಗಳೇ.

"ಅಪ್ಪಂದೇ ತಾನೆ?" ಎಂದು ಬಕೆಟ್ ಅಕ್ಕ ಎರಡೆರಡು ಸಲ ಕೇಳಿದ್ದರು.

"ಅಪ್ಪಂದೇ ಅಕ್ಕಾ. ನಾನೇ ಕೊಡಿಸಿದ್ದು."

ಹತ್ತು ಗಂಟೆಗೆ ಮೂರನೇ ಮಹಡಿಯ ಮನೆಯ ಬಾಗಿಲು ತೆರೆಯಿತು. ಕಿಟಕಿಯ ಬಳಿ ಕುಳಿತಿದ್ದ ತಂದೆ ಎರಡೂ ಕೈ ಚಾಚಿದರು. ವಾಪಸ್ ಅವರ ಕಾಲನ್ನು ಮೂಸಿ, ಮುಂದೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ತಾಯಿಯ ಪಾದದ ಮೇಲೆ ಮೂತಿಯಿಟ್ಟು ಮಲಗಿಬಿಟ್ಟಿತು.

"ಏಯ್, ಆಚೆ ಹೋಗು! ಏನೇ ಇದು? ನಾಯಿಗೀಯಿ ಬೇಡ ಅಂತ ಮೊದಲೇ ಹೇಳಿರ್ಲಿಲ್ವಾ?"

ಮಗಳು ತಬ್ಬಿಬ್ಬಾಗಿ ಚೀಲದಿಂದ ಸ್ವೆಟರ್ ತೆಗೆದರು.

"ಅಯ್ಯೋ, ಇದು ನಿನ್ನ ಹತ್ರ ಇತ್ತಾ? ವಾರದಿಂದ ಹುಡುಕ್ತಿದ್ದೀನಿ! ಬೆಳಗ್ಗೆ ಅಡುಗೆಮನೇಲಿ ಚಳಿಗೆ ನಾನು ಹಾಕ್ಕೊಳ್ಳೋದು ಕಣೇ. ನಿಮ್ಮಪ್ಪ ಇದನ್ನ ಮುಟ್ಟಿ ಎಷ್ಟು ಕಾಲ ಆಯ್ತು!"

"ಕೊಡಿಸಿದ್ದು ನನಗೆ, ಹಾಕ್ಕೊಂಡಿದ್ದು ಇವಳು," ಎಂದು ತಂದೆ ನಗತೊಡಗಿದರು. "ನಾಯಿನೂ ಅದೇ ದಾರಿ ಹಿಡೀತು."

ಬಕೆಟ್ ಅಕ್ಕ ನಗಲಿಲ್ಲ. ನೀಲಿ ಹಗ್ಗ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. "ತಪ್ಪು ನಂದಮ್ಮಾ. ಸ್ವೆಟರ್ ಯಾರದು ಅಂತ ಕೇಳ್ದೆ, ಯಾರು ಹಾಕ್ಕೊಳ್ತಾರೆ ಅಂತ ಕೇಳ್ಲಿಲ್ಲ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ. ಹಗ್ಗ ನನ್ನ ಕೈಲಿದೆ, ನಾನಿನ್ನೂ ಕೊಟ್ಟಿಲ್ಲ. ಇದು ವಾಪಸ್ ಬಂದ ಲೆಕ್ಕಕ್ಕೆ ಬರಲ್ಲ. ನಾಳೆ ಬೇಡ ಅಂದ್ರೆ ಮಾತ್ರ ಇದಕ್ಕೆ ಇನ್ನು ಮನೆ ಇಲ್ಲ."

ತಾಯಿ ಕಾಲು ಎಳೆದುಕೊಳ್ಳಲು ನೋಡಿದರು. ನಾಯಿ ಮಿಸುಕಲಿಲ್ಲ.

"ಹೆಸರೇನು ಇದರದ್ದು?"

"ವಾಪಸ್."

"ಇದೂ ಒಂದು ಹೆಸರಾ? ಕರೆದ್ರೆ ಎದ್ದು ಹೊರಟೇಬಿಡುತ್ತೆ." ಸೌಟನ್ನು ಗಂಡನ ಕೈಗೆ ಕೊಟ್ಟು ಆಕೆ ಹಗ್ಗಕ್ಕೆ ಕೈಚಾಚಿದರು. "ರಜೆ ಮುಗಿಯೋ ತನಕ ಇರ್ಲಿ. ಆಮೇಲೆ ನೋಡೋಣ."

ರಜೆ ಮುಗಿಯೋ ತನಕ ಎಂಬ ಮಾತು ಬಕೆಟ್ ಅಕ್ಕನಿಗೆ ಹೊಸದಲ್ಲ. ಅವರು ಮೆಟ್ಟಿಲಿಳಿದರು. ಬಸ್ಸು ನಿಲ್ಲುವ ಜಾಗಕ್ಕೆ ಬಂದ ಮೇಲೆ, ನಿಮ್ಮ ಆಸೆ ಏನು ಎಂಬ ನಮ್ಮ ಪ್ರಶ್ನೆಗೆ ಉತ್ತರಿಸಿದರು. ಸಂಬಳ, ಸನ್ಮಾನದ ಸುದ್ದಿ ಎತ್ತಲಿಲ್ಲ. "ರಜೆ ಮುಗಿದ ಸೋಮವಾರ ಒಂದ್ಸಲಾನಾದ್ರೂ ಗೇಟ್ ಕಡೆ ನೋಡದೆ ಕೆಲಸ ಮಾಡ್ಬೇಕು."

ಈ ವರ್ಷ ರಜೆ ಮುಗಿದ ಸೋಮವಾರವೂ ಅದು ಕೈಗೂಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ನಾಯಿಗಳು ಮರಳಿದ್ದವು. ಸಂಜೆ ದೂರದಲ್ಲಿ ಆ ಟೈಲರ್ ಹೆಣ್ಣುಮಗಳು ಕಂಡರು. ಕೈಯಲ್ಲಿ ನೀಲಿ ಹಗ್ಗ. ಕಾವಲುಗಾರ ಗೇಟಿನಿಂದಲೇ ಕೂಗಿದರು: "ಅಕ್ಕಾ, ವಾಪಸ್!"

ಬಕೆಟ್ ಅಕ್ಕ ಪೊರಕೆ ನಿಲ್ಲಿಸಿದರು, ತಿರುಗಲಿಲ್ಲ.

"ಅಕ್ಕಾ, ಇದು ಇಲ್ಲಿಯ ಹಗ್ಗ ಅಲ್ವಾ, ಕೊಟ್ಟು ಹೋಗೋಣ ಅಂತ ಬಂದೆ," ಎಂದರು ಹತ್ತಿರ ಬಂದ ಮಗಳು. "ಅವನಿಗೆ ಹೊಸದೊಂದನ್ನ ಮನೇಲೇ ಹೊಲಿದಿದ್ದೀನಿ. ಅಮ್ಮ ಬೇರೆ ಸ್ವೆಟರ್ ಕೊಡಿಸು ಅಂತ ಕೂತಿದ್ದಾರೆ, ಹಳೇದನ್ನ ಅವನು ಬಿಡ್ತಿಲ್ಲ."

ಬಕೆಟ್ ಅಕ್ಕ ಹಗ್ಗ ಈಸಿಕೊಂಡು ಬಕೆಟ್ಟಿನಲ್ಲಿ ಅದ್ದಿ ತೊಳೆದರು, ಹಿಂಡಿ ಗೂಡಿನ ಸರಳಿಗೆ ಒಣಹಾಕಿದರು. ಆಮೇಲೆ ಕೊನೆಯ ಗೂಡನ್ನು ತೊಳೆದರು. ಅದು ಖಾಲಿಯಿತ್ತು.