ಕಡವಿನ ಮೆಟ್ಟಿಲ ಮೇಲೆ ಅವ್ವಿಯ ಸತ್ಯಾಗ್ರಹ

ನನ್ನನ್ನು ಹೆತ್ತ ಅವ್ವಿ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದಳು ಎಂದರೆ ನಮ್ಮ ಕೇರಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಕಾಸರಕೋಡಿನ ದಂಡೆಯಲ್ಲಿ ಮೀನು ಕೊಂಡು, ಹೊಳೆ ದಾಟಿ, ಹೊನ್ನಾವರದ ಬೀದಿಗಳಲ್ಲಿ ಮಾರುವ ಹನ್ನೊಂದು ಹೆಂಗಸರಲ್ಲಿ ಅವಳದೇ ದೊಡ್ಡ ಗಂಟಲು. ಅವಳು ಕೂಗಿದರೆ ನಾಲ್ಕು ಮನೆಯಾಚೆಯ ಒಲೆಯ ಮೇಲಿನ ಬಾಣಲೆಗೂ ಕೇಳಿಸುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶರಾವತಿಗೆ ಇನ್ನೂ ಸೇತುವೆ ಇರಲಿಲ್ಲ. ಭಟ್ಕಳದ ಬಸ್ಸು ಈ ದಡದಲ್ಲಿ ನಿಲ್ಲುತ್ತಿತ್ತು, ಕುಮಟೆಯ ಬಸ್ಸು ಆ ದಡದಿಂದ ಹೊರಡುತ್ತಿತ್ತು, ನಡುವೆ ಹೊಳೆ ದಾಟಿಸುವ ಕಡವಿನ ಲಾಂಚು. ಒಂದು ಬೆಳಿಗ್ಗೆ ಲಾಂಚಿನ ಟಿಕೇಟಿನವನು ಹೊಸ ಕಾನೂನು ಹೊರಡಿಸಿದ: ಮೀನಬುಟ್ಟಿಯವರು ಮೊದಲ ಲಾಂಚು ಹತ್ತಕೂಡದು, ಬಸ್ಸಿನವರೆಲ್ಲ ದಾಟಿದ ಮೇಲೆ ಬರಬೇಕು. ಯಾರೋ ದೊಡ್ಡವರ ಪಂಚೆಗೆ ಮೀನಿನ ನೀರು ಬಿದ್ದಿತ್ತಂತೆ. ಮಧ್ಯಾಹ್ನ ಅವರ ಬಾಳೆಗೆ ಬೀಳುವ ಬಂಗಡೆ ಬೆಳಿಗ್ಗೆ ಅವರ ಪಕ್ಕ ಕೂರುವಂತಿರಲಿಲ್ಲ. ಆದರೆ ಬಿಸಿಲೇರಿದ ಮೇಲೆ ದಾಟಿದರೆ ಮೀನು ಮೆತ್ತಗಾಗುತ್ತದೆ, ಅಷ್ಟರಲ್ಲಿ ಮನೆಮನೆಯಲ್ಲಿ ಬೇರೆ ಸಾರು ಕುದಿದಿರುತ್ತದೆ. ಮೊದಲ ಲಾಂಚು ತಪ್ಪಿದರೆ ಅವ್ವಿಗೆ ಆ ದಿನದ ಅನ್ನವೇ ತಪ್ಪಿದ ಹಾಗೆ.

ಟಿಕೇಟಿನವನನ್ನು ಹೊಳೆಗೆ ನೂಕುವುದೆಂದು ಅವ್ವಿ ತೀರ್ಮಾನಿಸಿದ್ದಳು. ತಪ್ಪಿಸಿದವರು ನನಗೆ ಅಕ್ಷರ ಕಲಿಸಿದ ಮಾಸ್ತರು. ಉಪ್ಪು ಮಾಡಿ ಜೈಲು ಕಂಡು ಬಂದವರು, ಖಾದಿಯವರು, ಮೀನು ಮುಟ್ಟದವರು. ಈ ಹೆಂಗಸರೊಡನೆ ಮಾತಾಡುವಾಗಲೂ ಶಲ್ಯದ ತುದಿ ಮೂಗಿನ ಮೇಲಿರುತ್ತಿತ್ತು.

"ಹೊಡೆಯುವುದು ಬೇಡ, ಬೈಯುವುದು ಬೇಡ. ಮೊದಲ ಲಾಂಚು ಹತ್ತಿಸುವವರೆಗೂ ಬೇರೆ ಲಾಂಚು ಹತ್ತದೆ ಮೆಟ್ಟಿಲ ಮೇಲೆ ಸುಮ್ಮನೆ ಕೂತುಕೊಳ್ಳಿ" ಎಂದರು.

"ಹೊಡೀದೆ ಇರುಕಾಗ್ತದೆ ಮಾಸ್ತರೆ. ಬೈಯದೆ ಹ್ಯಾಂಗೆ ಇರೂದು?" ಎಂದು ಅವ್ವಿ ನಿಜವಾಗಿಯೂ ಚಿಂತೆಗೆ ಬಿದ್ದಳು. ದೇವರ ಮೇಲೆ ಭಾರ ಹಾಕಿ ಎಂದರು ಮಾಸ್ತರು. ಸರಿ, ಬಾಯಿ ಕಟ್ಟಿ ಗೆದ್ದರೆ ಅಮ್ಮನವರಿಗೆ ಒಂದು ಹುಂಜ ಎಂದು ಅವ್ವಿ ಅಲ್ಲೇ ಹರಕೆ ಹೊತ್ತಳು. ಮಾಸ್ತರು ಬೆಚ್ಚಿಬಿದ್ದು, ಅಹಿಂಸೆಯ ಕೆಲಸಕ್ಕೆ ಕೋಳಿ ಕೊಯ್ಯುವುದೇ ಎಂದು ಕೇಳಿದರು.

"ಕೋಳಿ ಅಮ್ಮನವರಿಗೆ. ಲಾಂಚಿನವಗೆ ನಾವು ಎಂತದೂ ಮಾಡೂದಿಲ್ಲ. ಆತಲ್ಲ?"

ಮಾಸ್ತರು ಸುಮ್ಮನಾದರು. ಆ ಸತ್ಯಾಗ್ರಹದ ಮೊದಲ ಮೌನ ಅವರದೇ.

ಅವ್ವಿ ಬೈಗುಳ ತಡೆಯಲು ಒಂದು ಉಪಾಯ ಕಂಡುಕೊಂಡಳು. ಲಾಂಚು ಬರುವ ಹೊತ್ತಿಗೆ ಹನ್ನೊಂದು ಜನವೂ ಬಾಯಿ ತುಂಬ ಕವಳ ಹಾಕಿಕೊಳ್ಳುತ್ತಿದ್ದರು. ಎಲೆಯಡಿಕೆಯ ರಸ ತುಂಬಿದ ಬಾಯಿ ತೆರೆಯುವಂತಿಲ್ಲ. ಟಿಕೇಟಿನವನು ಏನೇನೋ ಅಂದು ಕೆಣಕಿದ. ಉಬ್ಬಿದ ಹನ್ನೊಂದು ಕೆನ್ನೆಗಳು, ಕೆಂಪಾದ ಕಣ್ಣುಗಳು ಅವನನ್ನೇ ನೋಡಿದವು. ಯಾವ ಹೊತ್ತಿಗೆ ಯಾರು ಉಗಿದಾರೋ ಎಂದು ಅವನು ಮಾರು ದೂರ ನಿಂತೇ ಮಾತಾಡುತ್ತಿದ್ದ. ಕೂತ ದಿನದ ಮೀನೆಲ್ಲ ಮಾರಾಟವಾಗದೆ ಸಂಜೆಗೆ ಉಪ್ಪು ಕಂಡಿತು.

ನಾನು? ನಾನು ಹೊನ್ನಾವರದ ಹೈಸ್ಕೂಲಿಗೆ ಹೋಗುತ್ತಿದ್ದೆ. ಎರಡು ದಿನವೂ ಪುಸ್ತಕ ಎದೆಗವಚಿಕೊಂಡು ಅದೇ ಮೊದಲ ಲಾಂಚು ಹತ್ತಿ, ಮೆಟ್ಟಿಲಿಗೆ ಬೆನ್ನು ಹಾಕಿ ಕೂತೆ. ಆ ಹೆಂಗಸರು ಯಾರು ಎಂದು ಬಸ್ಸಿನಲ್ಲಿ ಬರುವ ಗೆಳತಿ ಕೇಳಿದಾಗ ಪುಸ್ತಕ ತೆರೆದೆ. ನನ್ನ ಮೌನಕ್ಕೂ ಅಹಿಂಸೆಗೂ ಯಾವ ಸಂಬಂಧವೂ ಇರಲಿಲ್ಲ.

ಮೂರನೆಯ ದಿನ ಶಾಲೆಯಲ್ಲಿ ಬೀಜಗಣಿತದ ಪರೀಕ್ಷೆ. ನನಗೆ ಇದ್ದಕ್ಕಿದ್ದಂತೆ ನ್ಯಾಯದ ಮೇಲೆ ಬಹಳ ಪ್ರೀತಿ ಹುಟ್ಟಿತು. ಲಾಂಚು ಹತ್ತದೆ ಹೋಗಿ ಅವ್ವಿಯ ಪಕ್ಕ ಕೂತೆ. ಮಾಸ್ತರ ಕಣ್ಣಲ್ಲಿ ನೀರೇ ಬಂತು. ಹೊಸ ತಲೆಮಾರಿನ ಬಗ್ಗೆ ಎರಡು ಮಾತಾಡಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು.

ಅವ್ವಿ ಕವಳ ಹೊಳೆಗೆ ಉಗಿದಳು.

"ಇವತ್ತು ಪರೀಕ್ಷೆ ಅಲ್ದಾ ನಿಂಗೆ? ನಾ ಬುಟ್ಟಿ ಹೊತ್ತು ನೆತ್ತಿ ಬೋಳು ಮಾಡ್ಕಂಡದ್ದು ನೀ ಇಲ್ಲಿ ಬಂದು ಕೂರೂಕಾ? ಏಳ್!"

ಬುಟ್ಟಿ ತಲೆಗೇರಿಸಿ, ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಲಾಂಚಿನೊಳಗೇ ಬಂದುಬಿಟ್ಟಳು. ಉಳಿದ ಹತ್ತು ಜನ ಅಪ್ಪಣೆಯಾಯಿತೆಂದು ತಿಳಿದು ಬುಟ್ಟಿ ಹೊತ್ತು ಹಿಂದೆಯೇ ಹತ್ತಿದರು. ಟಿಕೇಟಿನವನು ತಡೆಯಬೇಕಾದರೆ ಬುಟ್ಟಿ ಮುಟ್ಟಬೇಕಿತ್ತು, ಅದು ಅವನಿಂದಾಗಲಿಲ್ಲ. ಎರಡು ದಿನ ಮೀನಿಲ್ಲದ ಊಟ ಮಾಡಿದ್ದ ಲಾಂಚು ನಡೆಸುವವನು ಯಾರನ್ನೂ ಕೇಳದೆ ಎಂಜಿನ್ ಶುರು ಮಾಡಿದ. ಮರುದಿನದಿಂದ ಆ ಕಾನೂನಿನ ಸುದ್ದಿ ಯಾರೂ ಎತ್ತಲಿಲ್ಲ. ಮಾಸ್ತರು ಅದನ್ನು ಮೌನದ ಗೆಲುವು ಎಂದೇ ಕೊನೆಯವರೆಗೂ ಹೇಳಿಕೊಂಡು ಬಂದರು.

ಆವತ್ತು ಅವ್ವಿ ಎಂದಿನ ಹಾಗೆ ಲಾಂಚಿನ ನೆಲದ ಮೇಲೆ ಕೂರಲಿಲ್ಲ. ಮೊದಲ ಸಲ ಬೆಂಚಿನ ಮೇಲೆ, ನನ್ನ ಪಕ್ಕ ಕೂತಳು, ಬುಟ್ಟಿ ತೊಡೆಯ ಮೇಲೆ. ಮೀನಿನ ನೀರು ತೊಟ್ಟಿಕ್ಕಿ ನನ್ನ ಒಗೆದ ಲಂಗದ ಕಡೆಗೆ ಹರಿಯುತ್ತಿತ್ತು. ಎದುರಿನ ಬೆಂಚಿನಿಂದ ಗೆಳತಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ನಾನು ಒಂದು ಗೇಣು ಆಚೆ ಸರಿದು ಕೂತೆ.

ಅವ್ವಿ ನಡುವೆ ಉಂಟಾದ ಜಾಗ ನೋಡಿದಳು. ಈಗ ಬೈಗುಳ ಬಂತು ಎಂದು ನಾನು ತಲೆ ತಗ್ಗಿಸಿದೆ. ಬಾಯಲ್ಲಿ ಕವಳ ಇರಲಿಲ್ಲ, ಬೈಯಬಹುದಿತ್ತು. ಬೈದಿದ್ದರೆ ನಾನು ಇಷ್ಟು ವರ್ಷ ನಾಚಿಕೆಯಿಂದ ಸುಡುತ್ತಿರಲಿಲ್ಲ. ಅವಳು ಬುಟ್ಟಿಯನ್ನು ಎತ್ತಿ, ನನ್ನ ಮೇಲೆ ನೀರು ಬೀಳದ ಹಾಗೆ ಆ ಕಡೆಯ ತೊಡೆಗೆ ಬದಲಿಸಿಕೊಂಡಳು. ಹೊನ್ನಾವರದ ದಡ ಬರುವವರೆಗೂ ಒಂದು ಮಾತೂ ಆಡಲಿಲ್ಲ.