ಬಯ್ಯರ್ ಬಂದ ದಿನ ತೆರೆಯುವ ಬಾಗಿಲು

ನಮ್ಮ ಫ್ಯಾಕ್ಟರಿಯಲ್ಲಿ ಮಕ್ಕಳ ರೂಮು ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು. ಗೇಟು ದಾಟಿ ಒಳಗೆ ಬಂದರೆ ಎಡಗಡೆಗೆ, ಕ್ಯಾಂಟೀನಿಗೆ ಅಂಟಿಕೊಂಡ ಹಾಗೆ. ಗೋಡೆಯ ಮೇಲೆ ಆನೆ, ಮೊಲ, ಬಲೂನು ಬರೆಸಿದ್ದರು. ಬಾಗಿಲ ಮೇಲೆ ‘ಶಿಶುವಿಹಾರ’ ಎಂಬ ಬೋರ್ಡು. ಬಾಗಿಲಿಗೆ ಒಂದು ಬೀಗ. ಆ ಬೀಗ ನೆನಪಾದರೆ ಇವತ್ತಿಗೂ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ.

ಅದು ಮಹದೇವಪುರದ ಒಂದು ಗಾರ್ಮೆಂಟ್ಸ್. ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿದ್ದ ಕಾಲ. ನಾನು ಶರ್ಟಿಗೆ ಕಾಲರ್ ಕೂರಿಸುವ ಟೈಲರ್. ನಾವು ಹೊಲಿದ ಶರ್ಟುಗಳಲ್ಲಿ ಒಂದೂ ಈ ದೇಶದ ಅಂಗಡಿಗೆ ಹೋಗುತ್ತಿರಲಿಲ್ಲ. ಪೆಟ್ಟಿಗೆಗಳು ಲಾರಿಯಲ್ಲಿ ವೈಟ್‌ಫೀಲ್ಡಿನ ಡಿಪೋಗೆ ಹೋಗಿ, ಅಲ್ಲಿ ಕಂಟೇನರಿಗೆ ತುಂಬಿ, ರೈಲಿನಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಿಗೆ. ನನ್ನ ಗಂಡನಿಗೆ ಆ ಡಿಪೋದಲ್ಲೇ ಲೋಡಿಂಗ್ ಕೆಲಸ. ‘ನೀನು ಹೊಲಿ, ನಾನು ಹೊರ್ತೀನಿ, ಹಾಕ್ಕೊಳ್ಳೋನು ಯಾವನೋ’ ಎಂದು ಅವನು ನಗುತ್ತಿದ್ದ. ರಸ್ತೆಯಾಚೆಯ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನವರು ಮಾಡುತ್ತಿದ್ದ ಕೆಲಸವೂ ಹೊರದೇಶಕ್ಕೇ. ಒಟ್ಟಿನಲ್ಲಿ ರಸ್ತೆಯ ಎರಡೂ ಕಡೆಯವರಿಗೆ ಯಜಮಾನ ಸಮುದ್ರದ ಆಚೆ ಇದ್ದ.

ನಮ್ಮದು ಹೂಡಿಯ ಒಂದು ವಠಾರದಲ್ಲಿ ಒಂದೇ ರೂಮಿನ ಮನೆ. ಓನರ್ ತಾಯಿ, ಹೂಡಿಯಲ್ಲೇ ಹುಟ್ಟಿ ಹೂಡಿಯಲ್ಲೇ ಹಣ್ಣಾದ ಅಜ್ಜಿ, ನಾನು ಕೆಲಸಕ್ಕೆ ಹೋದಾಗ ನನ್ನ ಮಗಳನ್ನು ನೋಡಿಕೊಳ್ಳುತ್ತಿತ್ತು. ಮಗಳಿಗೆ ಆಗ ಮೂರು ವರ್ಷ. ಆ ಅಜ್ಜಿ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿತು. ಅದರ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ನಮ್ಮ ತಲೆಯ ಮೇಲೆ ಚಪ್ಪಡಿ ಬಿತ್ತು.

ಇನ್ನು ಉಳಿದದ್ದು ಎರಡೇ ದಾರಿ. ಮಕ್ಕಳ ರೂಮಿನ ಬಾಗಿಲು ತೆಗೆಸಬೇಕು, ಇಲ್ಲ ಮಗಳನ್ನು ಶಿರಾದ ಹತ್ತಿರದ ನಮ್ಮೂರಿಗೆ, ನನ್ನ ಅವ್ವನ ಹತ್ತಿರ ಕಳಿಸಬೇಕು. ನಮ್ಮ ಹೊಲಿಗೆ ಲೈನಿನಲ್ಲಿ ಮಕ್ಕಳಿದ್ದ ಹೆಂಗಸರೆಲ್ಲ ಹಾಗೆ ಕಳಿಸಿದವರೇ. ಹಬ್ಬಕ್ಕೆ ಹೋದಾಗ ಮಗು ತಮ್ಮನ್ನು ಗುರುತು ಹಿಡಿಯದೆ ಅಜ್ಜಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಿತು ಎಂದು ಅವರು ಊಟದ ಹೊತ್ತಿನಲ್ಲಿ ಅಳುವುದನ್ನು ನಾನು ನೋಡಿದ್ದೆ. ನನ್ನ ಕೈಲಿ ಅದು ಆಗುವುದಿಲ್ಲ ಎಂದು ಗೊತ್ತಿತ್ತು.

ಎಚ್ಆರ್ ಮೇಡಂ ಹತ್ತಿರ ಹೋದೆ.

‘ಮೇಡಂ, ಮಗೂನ ನೋಡ್ಕಳೋರು ಯಾರೂ ಇಲ್ಲ. ಮಕ್ಕಳ ರೂಮು ತೆಗಿಸ್ಕೊಡಿ.’

‘ಕ್ರೆಶ್‌ಗೆ ಈಗ ಸ್ಟಾಫ್ ಇಲ್ಲಮ್ಮ. ಒಂದು ಮಗುಗೋಸ್ಕರ ಎಲ್ಲ ಓಪನ್ ಮಾಡಕ್ಕಾಗುತ್ತಾ? ನೋಡೋಣ, ಹೋಗು.’

ನೋಡೋಣವಂತೆ! ಏನು ನೋಡುವುದು? ರೂಮು ಇದೆ, ಬೋರ್ಡು ಇದೆ, ಮಗು ಇದೆ. ಬೀಗದ ಕೈ ಅವರ ಡ್ರಾಯರಿನಲ್ಲಿದೆ. ಇಷ್ಟಕ್ಕೂ ನಾನು ಕೇಳಿದ್ದು ಅವರ ಮನೆಯ ಹಜಾರವನ್ನಲ್ಲ.

ಗಂಡ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಹಗಲು ಮಗಳ ಫ್ರಾಕಿಗೆ ಒಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮಲಗುತ್ತಿದ್ದ. ರಾತ್ರಿಯೆಲ್ಲ ಹೊರೆ ಹೊತ್ತ ಗಂಡಸಿಗೆ ನಿದ್ದೆ ಎಂದರೆ ಸತ್ತ ಹೆಣದ ನಿದ್ದೆ. ಒಂದು ಮಧ್ಯಾಹ್ನ ಎದ್ದು ನೋಡಿದರೆ ದಾರ ಮಾತ್ರ ಇದೆ, ಮಗಳಿಲ್ಲ. ಕಂಟೇನರ್ ಲಾರಿಗಳು ಓಡಾಡುವ ದೊಡ್ಡ ರಸ್ತೆಯ ಬದಿಯಲ್ಲಿ ಹೂ ಮಾರುವವಳು ಅವಳನ್ನು ಹಿಡಿದು ಕೂರಿಸಿಕೊಂಡಿದ್ದಳು. ಸಂಜೆ ನನಗೆ ಹೇಳುವಾಗಲೂ ಅವನು ಅವಳನ್ನು ತೊಡೆಯಿಂದ ಇಳಿಸಿರಲಿಲ್ಲ.

ಆ ವಾರದಲ್ಲೇ ಎಚ್ಆರ್ ಮೇಡಂ ತಾವಾಗಿ ನನ್ನ ಮಿಷನ್ನಿನ ಹತ್ತಿರ ಬಂದರು. ಮುಖದಲ್ಲಿ ನಗು. ‘ನಿನ್ ಮಗು ಬೆಂಗ್ಳೂರಲ್ಲೇ ಇದೆ ಅಲ್ವಾ? ನಾಳೆ ಕರ್ಕೊಂಡ್ ಬಾಮ್ಮ. ನೀಟಾಗಿ ಬಟ್ಟೆ ಹಾಕು.’ ನನಗೆ ಸ್ವರ್ಗ ಮೂರೇ ಗೇಣು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಪಕ್ಕದ ಮಿಷನ್ನಿನವಳು ಮೂತಿ ತಿರುಗಿಸಿದಳು. ‘ದೇವ್ರೂ ಇಲ್ಲ ಗೀವ್ರೂ ಇಲ್ಲ ಕಣೆ. ನಾಳೆ ಬಯ್ಯರ್ ಬರ್ತಾರೆ. ಆಡಿಟ್ಟು.’

ಬಯ್ಯರ್ ಎಂದರೆ ನಮ್ಮ ಶರ್ಟು ಕೊಳ್ಳುವ ಹೊರದೇಶದ ಕಂಪನಿಯವರು. ಫ್ಯಾಕ್ಟರಿಯಲ್ಲಿ ಎಲ್ಲ ಕಾನೂನಿನ ಪ್ರಕಾರ ಇದೆಯಾ ಎಂದು ಅವರು ಬಂದು ನೋಡುವುದೇ ಆಡಿಟ್ಟು. ಅವರು ಬರುವ ಹಿಂದಿನ ದಿನ ಫ್ಯಾಕ್ಟರಿಗೆ ಮದುವೆ ಕಳೆ. ಬಾಗಿಲಿಗೆ ಅಡ್ಡವಾಗಿದ್ದ ಬಟ್ಟೆ ರಾಶಿ ಮಾಯ. ಕಕ್ಕಸ್ಸಿನಲ್ಲಿ ಸೋಪು, ಅದೂ ಗಂಧದ ವಾಸನೆಯದು. ಬಯ್ಯರ್ ಹೋದ ಮಾರನೆಯ ದಿನ ಸೋಪೂ ಹೋಗುತ್ತಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಸಂಜೆ ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು. ‘ನೋಡ್ರಮ್ಮಾ, ಈ ಬೆಂಗ್ಳೂರು ಬೆಳೀತಿರೋದೇ ಎಕ್ಸ್‌ಪೋರ್ಟಿಂದ. ನೀವು ಹೊಲಿಯೋ ಒಂದೊಂದು ಶರ್ಟೂ ಈ ಸಿಟಿನ ಬೆಳೆಸ್ತಾ ಇದೆ. ಯಾರಾದ್ರೂ ಏನಾದ್ರೂ ಕೇಳಿದ್ರೆ, ಎಲ್ಲ ಚೆನ್ನಾಗಿದೆ ಅನ್ನಿ.’

ನನಗೆ ಸಿಟ್ಟು ಬರುವುದು ಅವರು ಸುಳ್ಳು ಹೇಳಿದರೆಂದಲ್ಲ. ಆ ಮಾತು ನಿಜವಾಗಿತ್ತು. ನಾನು ಹೂಡಿಗೆ ಬಂದಾಗ ವಠಾರದ ಹಿಂದೆ ರಾಗಿ ಹೊಲ ಇತ್ತು. ನೋಡನೋಡುತ್ತಾ ಅದು ಅಪಾರ್ಟ್‌ಮೆಂಟ್ ಆಯಿತು, ಮುಂದೆ ಮಾಲ್ ಬಂತು, ರಸ್ತೆ ಅಗಲವಾಯಿತು, ಬಾಡಿಗೆ ಏರಿತು. ಹೊರದೇಶದ ದುಡ್ಡು ಬಂದೇ ಊರು ಬೆಳೆದದ್ದು. ಇಷ್ಟು ದೊಡ್ಡ ಊರನ್ನು ಬೆಳೆಸುವ ಕೈಗಳಿಗೆ ಒಂದು ಸಣ್ಣ ರೂಮಿನ ಬೀಗ ತೆಗೆದುಕೊಡಲು ಏನು ರೋಗ ಇವರಿಗೆ?

ಮಾರನೆಯ ದಿನ ಮಗಳಿಗೆ ಹಳದಿ ಫ್ರಾಕು ಹಾಕಿ ಕರೆದುಕೊಂಡು ಹೋದೆ. ಬಾಗಿಲು ತೆರೆದಿತ್ತು. ಒಳಗೆ ಮೆತ್ತನೆಯ ಚಾಪೆ, ಚೆಂಡು, ಒಂದು ಕೆಂಪು ಪ್ಲಾಸ್ಟಿಕ್ ಕುದುರೆ. ನಮ್ಮ ಫ್ಲೋರು ಗುಡಿಸುವ ಅಕ್ಕನಿಗೆ ಬಿಳಿ ಕೋಟು ತೊಡಿಸಿ ಆಯಾ ಮಾಡಿ ನಿಲ್ಲಿಸಿದ್ದರು. ಪಾಪ, ಆಕೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಗುಂಡಿ ತಿರುಗಿಸುತ್ತಿದ್ದಳು. ಮಕ್ಕಳು ಸಾಲದೆ ಸೂಪರ್‌ವೈಸರ್ ತನ್ನ ಅಕ್ಕನ ಮಕ್ಕಳಿಬ್ಬರನ್ನು ಆಟೋದಲ್ಲಿ ಕರೆಸಿದ್ದ. ತಾಯಂದಿರು ಸಾಲುಸಾಲಾಗಿ ಕೂತ ಫ್ಯಾಕ್ಟರಿಯಲ್ಲಿ ತೋರಿಸುವುದಕ್ಕೆ ಮಕ್ಕಳಿಗೆ ಬರ! ನಗಬೇಕೋ ಅಳಬೇಕೋ.

ಬಿಳಿಯ ಹೆಂಗಸೊಬ್ಬಳು ಬಂದಳು. ಒಳ್ಳೆಯ ಮುಖ, ಸುಳ್ಳು ಹೇಳಬಾರದು. ಕುದುರೆಯ ಮೇಲಿದ್ದ ನನ್ನ ಮಗಳ ಪಕ್ಕ ಮಂಡಿಯೂರಿ ಕೂತು ನಕ್ಕಳು. ಯಾರೋ ಫೋಟೋ ಹೊಡೆದರು. ತಾಯಿ ಯಾರು ಎಂದಾಗ ನನ್ನನ್ನು ಕರೆಸಿದರು. ಮಗು ದಿನಾ ಇಲ್ಲಿಗೆ ಬರುತ್ತದಾ ಎಂದು ಅವಳು ಕೇಳಿದ್ದನ್ನು ಎಚ್ಆರ್ ಮೇಡಂ ನನಗೆ ಕನ್ನಡದಲ್ಲಿ ಹೇಳಿದರು. ನಾನು ಆ ಹೆಂಗಸಿನ ಕಣ್ಣು ನೋಡಿಯೇ ಹೇಳಿದೆ: ‘ಬಾಗ್ಲು ತೆಗುದ್ರೆ ದಿನಾ ಕರ್ಕಂಬರ್ತೀನಿ. ಇವತ್ತೇ ತೆಗ್ದಿರೋದು.’ ಮೇಡಂ ಒಂದಿಷ್ಟೂ ಅಳುಕದೆ, ನಗುನಗುತ್ತಾ, ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು. ಆ ಹೆಂಗಸು ನನ್ನ ಕೈ ಹಿಡಿದು ‘ವೆರಿ ನೈಸ್’ ಎಂದಳು. ನನ್ನ ನಾಲಿಗೆಯನ್ನೇ ಕಿತ್ತುಕೊಂಡ ಹಾಗಾಯಿತು.

ಸಂಜೆ ಕುದುರೆಯನ್ನು ಬೀರುವಿಗೆ ಹಾಕಿ, ರೂಮಿಗೆ ಬೀಗ ಹಾಕಿದರು. ಮಗಳು ಅಳಲಿಲ್ಲ. ಅಂಗಡಿ ಮುಚ್ಚುವ ಹಾಗೆ ಅದೂ ಮುಚ್ಚುತ್ತದೆ, ಬೆಳಿಗ್ಗೆ ತೆಗೆಯುತ್ತಾರೆ ಎಂದುಕೊಂಡಿರಬೇಕು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಫ್ರಾಕನ್ನು ಹಿಂದುಮುಂದಾಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಕುದುರೆ ಮನೆಗೆ ಓಗಣ ಬಾ.’

ನನಗೂ ಹಟ ಬಂತು. ಕರೆದುಕೊಂಡೇ ಹೋದೆ. ಗೇಟಿನಲ್ಲಿ ಸೆಕ್ಯುರಿಟಿ ಹೆಂಗಸು ತಡೆದಳು. ‘ಮಗು ಬಿಡಂಗಿಲ್ಲ ಕಣಕ್ಕ, ನನ್ ಕೆಲ್ಸ ಓಯ್ತದೆ.’ ‘ಅಂಗಾದ್ರೆ ನಾನೂ ಬರಲ್ಲ’ ಎಂದು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಲೈನು ಎಂದರೆ ಒಬ್ಬರು ತೋಳು, ಒಬ್ಬರು ಕಾಲರ್, ಒಬ್ಬರು ಗುಂಡಿ. ಕಾಲರಿನವಳು ಎದ್ದುಹೋದರೆ ಅವಳ ಹಿಂದೆ ಬಟ್ಟೆ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಅವತ್ತೇ ಸಂಜೆ ಲಾರಿ ಡಿಪೋಗೆ ಹೋಗಬೇಕಿತ್ತು, ತಪ್ಪಿದರೆ ಹಡಗು ಕಾಯುವುದಿಲ್ಲ. ಸ್ವಲ್ಪ ಹೊತ್ತಿಗೇ ಸೂಪರ್‌ವೈಸರ್ ಓಡಿ ಬಂದ. ‘ಏನಮ್ಮಾ ನಿಂದು ನಾಟ್ಕ? ಬಾ ಒಳಗೆ!’

‘ಬೀಗ ತೆಗಿಸಿ, ಬರ್ತೀನಿ.’

ಬೈದ, ಬೇಡಿದ, ಮತ್ತೆ ಬೈದ. ಕೊನೆಗೆ ಮೇಡಂ ಬಂದು ಬೀಗದ ಕೈ ಕೊಟ್ಟರು. ಗುಡಿಸುವ ಅಕ್ಕ ಕೋಟಿಲ್ಲದೆಯೇ ಬಂದು ಮಗಳನ್ನು ಎತ್ತಿಕೊಂಡಳು. ಅವತ್ತು ನಾನು ಹೊಲಿದ ಹಾಗೆ ಯಾವತ್ತೂ ಹೊಲಿದಿಲ್ಲ. ಗೆದ್ದೆ ಕಣೆ ಎಂದು ಪಕ್ಕದವಳಿಗೆ ಹೇಳಿದೆ.

ಏನು ಗೆಲ್ಲುವುದು, ಮಣ್ಣು! ಮರುದಿನ ಮತ್ತೆ ಮಗಳ ಕೈ ಹಿಡಿದು ಹೋದರೆ ಮಗುವಿಗೆ ಗೇಟು ಮುಚ್ಚಿತ್ತು. ಮತ್ತೆ ಕಟ್ಟೆಯ ಮೇಲೆ ಕೂತೆ. ಯಾರೂ ಓಡಿ ಬರಲಿಲ್ಲ. ಲಾರಿ ಹೋಗಿಯಾಗಿತ್ತು, ಮುಂದಿನ ಆರ್ಡರಿನ ಬಟ್ಟೆ ಇನ್ನೂ ಬಂದಿರಲಿಲ್ಲ. ನನ್ನ ಬೆಲೆಯೂ ಆ ಪೆಟ್ಟಿಗೆಗಳ ಜೊತೆಗೇ ಲಾರಿ ಹತ್ತಿ ಹೋಗಿತ್ತು. ಬಿಸಿಲು ಏರಿತು, ಮಗಳು ಮೊದಲು ಕುದುರೆ ಕೇಳಿದಳು, ಆಮೇಲೆ ನೀರು ಕೇಳಿದಳು. ಎದ್ದು ಮನೆಗೆ ಬಂದೆ. ಭಾನುವಾರ ಅವಳನ್ನು ಊರಿಗೆ ಬಿಟ್ಟು ಬಂದೆ.

ಎಂಟು ತಿಂಗಳು. ರಸ್ತೆ ಬೆಳೆಯುವುದನ್ನು, ಗಾಜಿನ ಕಟ್ಟಡ ಮಹಡಿ ಮೇಲೆ ಮಹಡಿ ಏರುವುದನ್ನು ದಿನಾ ಕಣ್ಣಾರೆ ನೋಡಿದೆ. ಮಗಳು ಬೆಳೆಯುವುದನ್ನು ಮಾತ್ರ ಫೋನಿನಲ್ಲಿ ಕೇಳಿದೆ. ಅವಳು ಮೊದಮೊದಲು ‘ಯಾವಾಗ ಬತ್ತೀಯಾ’ ಎನ್ನುತ್ತಿದ್ದಳು. ಆಮೇಲೆ ಫೋನಿಗೆ ಬರುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಒಳಗೆ ಹೋಗುವಾಗ, ನಾವು ಹಾಜರಿ ಕಾರ್ಡು ಒತ್ತುವ ಜಾಗದ ಮೇಲೆ, ಗೋಡೆಗೆ ಹೊಸ ಫೋಟೋ. ಕೆಂಪು ಕುದುರೆಯ ಮೇಲೆ ಹಳದಿ ಫ್ರಾಕಿನ ನನ್ನ ಮಗಳು, ಪಕ್ಕದಲ್ಲಿ ಆ ಬಿಳಿ ಹೆಂಗಸು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಪಕ್ಕದ ಹುಡುಗಿ ಓದಿ ಹೇಳಿದಳು: ‘ನಮ್ಮ ಕುಟುಂಬದ ಮಕ್ಕಳು ಅಂತ ಐತೆ ಕಣಕ್ಕ.’ ಹೆತ್ತವಳು ಹಬ್ಬಕ್ಕೊಮ್ಮೆ ಬಸ್ಸು ಹತ್ತಿ ನೋಡಬೇಕಾದ ಮಗಳನ್ನು ಇವರು ಗೋಡೆಗೆ ಮೊಳೆ ಹೊಡೆದು ಇಟ್ಟುಕೊಂಡಿದ್ದರು. ಥೂ! ಊಟದ ಹೊತ್ತಿನಲ್ಲಿ ಸ್ಟೂಲು ಹತ್ತಿ ಅದನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ನೋಡಿದವರು ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ.

ಸಂಜೆ ಗೇಟಿನಲ್ಲಿ ದಿನಾ ನಮ್ಮ ಬ್ಯಾಗು ತಪಾಸಣೆ. ಒಂದು ಗುಂಡಿಯೂ ಆಚೆ ಹೋಗಬಾರದು ನೋಡಿ, ಎಲ್ಲ ಎಕ್ಸ್‌ಪೋರ್ಟ್ ಮಾಲು. ಅದೇ ಸೆಕ್ಯುರಿಟಿ ಹೆಂಗಸು ಫ್ರೇಮನ್ನು ಹೊರಗೆಳೆದಳು. ‘ಅಕ್ಕಾ, ಇದು ಕಂಪ್ನಿದು.’

‘ಇದು ನನ್ ಮಗ್ಳು.’

ಮೇಡಂ ಬಂದರು. ‘ಇದು ಥೆಫ್ಟ್ ಕೇಸ್ ಆಗುತ್ತೆ, ಗೊತ್ತಾ ನಿನಗೆ?’

‘ಆಗ್ಲಿ ಮೇಡಂ, ನಡೀರಿ ಸ್ಟೇಷನ್ನಿಗೆ. ತಾಯಿ ಮಗಳ ಫೋಟೋ ಕದ್ದವ್ಳೆ ಅಂತ ನೀವು ಬರ್ಸಿ. ಆ ಬೀಗ ಯಾವ್ಯಾವತ್ತು ತೆಗಿತೀರಾ ಅಂತ ನಾನು ಬರ್ಸ್ತೀನಿ.’

ನನ್ನ ಹಿಂದೆ ಮನೆಗೆ ಹೊರಟ ಹೆಂಗಸರ ಸಾಲು ನಿಂತಿತ್ತು. ಎಲ್ಲರೂ ಮೇಡಂ ಮುಖವನ್ನೇ ನೋಡುತ್ತಿದ್ದರು. ಸೆಕ್ಯುರಿಟಿ ಹೆಂಗಸು ಫ್ರೇಮನ್ನು ತಾನೇ ನನ್ನ ಬ್ಯಾಗಿಗೆ ವಾಪಸು ಹಾಕಿ, ಜಿಪ್ಪು ಎಳೆದು, ‘ಓಗಕ್ಕ’ ಎಂದಳು. ಹೋದೆ. ಮತ್ತೆ ಆ ಗೇಟು ತುಳಿಯಲಿಲ್ಲ.

ಮಾರನೆಯ ದಿನ ಊರಿಗೆ ಹೋದೆ. ಮಗಳು ಅವ್ವನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಳು. ಯಾವುದಕ್ಕೆ ಹೆದರಿದ್ದೆನೋ ಅದೇ ಆಗಿತ್ತು. ಕರೆದರೆ ಬರಲಿಲ್ಲ. ಬ್ಯಾಗಿನಿಂದ ಫೋಟೋ ತೆಗೆದು ನೆಲದ ಮೇಲಿಟ್ಟೆ. ನಿಧಾನಕ್ಕೆ ಹತ್ತಿರ ಬಂದಳು. ತನ್ನ ಮುಖವನ್ನು ನೋಡಲಿಲ್ಲ, ಕುದುರೆಯ ಮೇಲೆ ಬೆರಳಿಟ್ಟಳು. ಆಮೇಲೆ ಆ ಬಿಳಿ ಹೆಂಗಸಿನ ಮೇಲೆ ಬೆರಳಿಟ್ಟು ನನ್ನ ಕಡೆ ತಲೆಯೆತ್ತಿದಳು.

‘ಇವ್ರು ತಿರ್ಗಾ ಬಂದವ್ರಾ? ಅದ್ಕೇ ನನ್ನ ಕರ್ಕಂಡೋಗಕ್ಕೆ ಬಂದ್ಯಾ?’

‘ಇಲ್ಲ ಕಣವ್ವಾ. ಅವ್ರು ಬರ್ಲಿ, ಬಿಡ್ಲಿ. ನೀನು ನನ್ ಜೊತೆ ಬಾ’ ಎಂದು ಅವಳ ಚಪ್ಪಲಿ ಹುಡುಕತೊಡಗಿದೆ.