ಆ ಐಟಂ

ಪೀಣ್ಯದ ಆಚೆ ನಾನು ಓದಿದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ‘ಪ್ಯಾಡ್’ ಎಂಬ ಪದವನ್ನು ಬಾಯಿಗೆ ತಂದವರಲ್ಲ. ನಮಗೆ ಉಚಿತವಾಗಿ ಹಂಚಲು ಬಂದ ಸ್ಯಾನಿಟರಿ ಪ್ಯಾಡುಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಕೇಳಿದ ಟೀಚರುಗಳಿಗೆಲ್ಲ, ಜೇಬಿನ ಮೇಲಿಂದಲೇ ಬೀಗದ ಕೈ ಮುಟ್ಟಿ ನೋಡಿಕೊಂಡು, “ಆ ಐಟಂ ಸೇಫಾಗಿದೆ ಕಣ್ರೀ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಗೆಳತಿ ಅವರ ಮುಂದೆ ನಿಂತು, “ಸಾರ್, ಅರ್ಜೆಂಟಾಗಿ ಪ್ಯಾಡ್ ಬೇಕಿತ್ತು” ಎಂದಳು. ಅವರು ಫ್ಯಾನು ನೋಡಿದರು, ಕಿಟಕಿ ನೋಡಿದರು. ಕೊನೆಗೆ, ಪರೀಕ್ಷೆ ಬರೆಯುವಾಗ ಹಾಳೆಯ ಕೆಳಗಿಟ್ಟುಕೊಳ್ಳುವ ರಟ್ಟಿನ ಪ್ಯಾಡನ್ನು ಅವಳ ಕೈಗಿತ್ತರು.

“ತಗೊಳಮ್ಮ, ಚೆನ್ನಾಗಿ ಬರಿ.”

ಲಂಗದ ಹಿಂದಿನ ಕಲೆಗೆ ಅದನ್ನೇ ಮರೆ ಹಿಡಿದು ಅವಳು ಗೇಟು ದಾಟುವಾಗ, ವರಾಂಡದಿಂದ ಹೆಡ್‌ಮಾಸ್ಟರು ಇಡೀ ಶಾಲೆಗೆ ಕೇಳುವಂತೆ ಕೂಗಿದರು: “ಪ್ಯಾಡ್ ನಾಳೆ ವಾಪಸ್ ತಂದ್ಕೊಡ್ಬೇಕು ಕಣಮ್ಮ!”